ಯೊಶಿಹಾರು ಮಹಾಶಯರ ಹೋತೊ ಪ್ರತಾಪ

"ಭಾನುವಾರದ ಹೋತೊ ನಾನು ಮಾಡ್ತೀನಿ! ನಾನೊಬ್ಬನೇ! ಅಡುಗೆಮನೆ ಹೊಸ್ತಿಲನ್ನು ನೀನು ದಾಟಕೂಡದು!"

ನಕಾಗೊಮಿ ಯೊಶಿಹಾರು ಮಹಾಶಯರು ಹೀಗೆಂದು ರಾಜಾಜ್ಞೆ ಹೊರಡಿಸಿದಾಗ ಅವರ ಹೆಂಡತಿ ಮಿತ್ಸುಯೊ ಕಿತ್ತಳೆ ಸುಲಿಯುತ್ತಿದ್ದಳು. ಆಜ್ಞೆ ಕೇಳಿಯೂ ಸುಲಿಯುವುದನ್ನು ನಿಲ್ಲಿಸಲಿಲ್ಲ. ಹೋತೊ ಅಂದರೆ ಕುಂಬಳಕಾಯಿ, ಅಗಲ ನೂಡಲ್ಸ್ ಹಾಕಿ ಕುದಿಸುವ ಯಾಮಾನಾಶಿ ಸೀಮೆಯ ಸಾರು.

"ಹೋತೊ ಮಾಡೋಕೆ ಬರುತ್ತಾ ನಿಮಗೆ?"

"ಬರುತ್ತಾ ಅಂತ ಕೇಳ್ತೀಯಾ? ನಾನು ಯಾಮಾನಾಶಿಯಲ್ಲಿ ಹುಟ್ಟಿದವನು ಕಣೇ! ನನ್ನ ನರನಾಡಿಯಲ್ಲಿ ಹರಿಯೋದೇ ಹೋತೊ ಸಾರು!"

"ಹರಿಯೋದು ಸರಿ. ಕುದಿಸೋಕೆ ಬರುತ್ತಾ ಅಂತ ಕೇಳಿದೆ," ಅಂದಳು ಮಿತ್ಸುಯೊ, ಒಂದು ತೊಳೆ ಬಾಯಿಗೆ ಹಾಕಿಕೊಂಡು.

ಈ ಆವೇಶಕ್ಕೆ ಕಾರಣವಿತ್ತು. ಅದು ನಗುವ ಕಾರಣವಲ್ಲ. ಆ ವಾರದ ನಡುವೆ ಒಂದು ಸಂಜೆ, ಬಚ್ಚಲಲ್ಲಿ ಸೋಪು ಮುಗಿದಿದೆ ಅನ್ನುವಷ್ಟೇ ಸಹಜವಾಗಿ ಮಿತ್ಸುಯೊ ಹೇಳಿದ್ದಳು, "ವಸಂತ ಬಂದಮೇಲೆ ನಾನು ಮಾತ್ಸುಮೊತೊಗೆ ಹೋಗ್ತೀನಿ, ಅಕ್ಕನ ಮನೆಗೆ."

"ಹೋಗಿ ಬಾ. ಎಷ್ಟು ದಿನಕ್ಕೆ?"

"ದಿನಕ್ಕಲ್ಲ. ಇರೋಕೆ."

ಜಗಳವಿಲ್ಲ, ಕಣ್ಣೀರಿಲ್ಲ. ಯೊಶಿಹಾರು ತಡವರಿಸುತ್ತಾ, "ಬೇರೆ ಯಾರಾದರೂ..." ಅಂತ ಬಾಯಿ ತೆರೆದರೆ, "ಈ ವಯಸ್ಸಲ್ಲಿ ಇನ್ನೊಬ್ಬ ಗಂಡಸಿನ ಕಾಲುಚೀಲ ಹುಡುಕಿಕೊಡೋ ತ್ರಾಣ ನನಗಿಲ್ಲ ರೀ," ಅಂದುಬಿಟ್ಟಳು.

ಯೊಶಿಹಾರು ಕೆಲಸ ಮಾಡಿದ್ದು ಡ್ರೈವಿಂಗ್ ಶಾಲೆಯಲ್ಲಿ, ಕಾರು ಕಲಿಸುವ ಮೇಷ್ಟ್ರಾಗಿ. ನಿವೃತ್ತರಾದ ಮೇಲೆ ಕಲಿಸಲು ಕಾರಿರಲಿಲ್ಲ, ಅಡುಗೆಮನೆ ಇತ್ತು. 'ಮೊಣಕೈ ಒಳಗಿಟ್ಟುಕೊಂಡು ಹೆಚ್ಚು', 'ಉರಿ ತಗ್ಗಿಸು', 'ಮುಚ್ಚಳ ತೆಗೆಯೋ ಮುಂಚೆ ಹಿಂದೆ ನೋಡು'. ಹಿಂದೆ ನೋಡಿದರೆ ಅಲ್ಲಿ ಅವರೇ ನಿಂತಿರುತ್ತಿದ್ದರು!

"ಪಕ್ಕದ ಸೀಟಲ್ಲಿ ಕೂತು ಬ್ರೇಕ್ ಒತ್ತೋರ ಜೊತೆ ನಾನು ಇಷ್ಟು ದೂರ ಬಂದಿದ್ದೇ ಹೆಚ್ಚು," ಅಂದಿದ್ದಳು ಮಿತ್ಸುಯೊ. "ಇನ್ನುಳಿದ ಸ್ವಲ್ಪ ದೂರ ಒಬ್ಬಳೇ ಹೋಗ್ತೀನಿ."

ಆ ಭಾನುವಾರ ವರ್ಷದಲ್ಲೇ ಅತಿ ಗಿಡ್ಡ ಹಗಲಿನ ದಿನ. ಅವತ್ತು ಕುಂಬಳಕಾಯಿ ತಿಂದರೆ ಚಳಿಗಾಲವಿಡೀ ಶೀತ ನೆಗಡಿ ಹತ್ತಿರ ಸುಳಿಯಲ್ಲ ಅಂತ ಪ್ರತಿ ವರ್ಷ ಮಗಳು ಚಿಸಾತೊ ಗಂಡ, ಮಗುವಿನ ಜೊತೆ ಹೋತೊ ಉಣ್ಣಲು ಬರುತ್ತಿದ್ದಳು. ಆಗಲೇ ವಿಷಯ ಹೇಳುವುದು ಅಂತ ಇಬ್ಬರೂ ತೀರ್ಮಾನಿಸಿದರು. ಚಿಸಾತೊ ಮೊದಲು ಅಳುತ್ತಾಳೆ. ಆಮೇಲೆ ಮೂಗು ಒರೆಸಿಕೊಂಡು, 'ಅಯ್ಯೋ, ಅಪ್ಪನ ಊಟದ ಗತಿ?' ಅನ್ನುತ್ತಾಳೆ. ಆ 'ಅಯ್ಯೋ' ನೆನೆದೇ ಯೊಶಿಹಾರು ಅವರ ಮೈಯೆಲ್ಲ ಉರಿಯಿತು. ತನ್ನನ್ನು ನೋಡಿ ಅಯ್ಯೋ ಅನ್ನುವುದೇ? ಹಬೆಯಾಡುವ ಹೋತೊ ಬಟ್ಟಲನ್ನು ತನ್ನ ಕೈಯಾರೆ ಮಗಳ ಮುಂದಿಟ್ಟು, 'ನೋಡಮ್ಮ, ನನಗೇನು ಕಮ್ಮಿ' ಅಂದರೆ ಹೇಗಿರುತ್ತೆ!

ಶನಿವಾರ ಬಿಸಿನೀರ ತೊಟ್ಟಿಯಲ್ಲಿ ಕತ್ತಿನ ತನಕ ಮುಳುಗಿ ಕೂತಾಗ ಅವರಿಗೆ ಈ ಯೋಜನೆಯ ಹುಳುಕು ಹೊಳೆಯಿತು. ಹೋತೊ ಚೆನ್ನಾಗಿ ಬಂದರೆ 'ಸದ್ಯ, ಇವರಿಗೆ ಬದುಕೋಕೆ ಬರುತ್ತೆ' ಅಂತ ಮಿತ್ಸುಯೊ ಹಗುರಾಗಿ ಹೊರಟುಬಿಡುತ್ತಾಳೆ. ಚೆನ್ನಾಗಿ ಮಾಡಿದರೆ ಹೆಂಡತಿ ಹೋದಳು. ಕೆಡಿಸಿದರೆ ಮಾನ ಹೋಯ್ತು. ಹೋತೊ ಅನ್ನುವ ಹೆಸರಲ್ಲೇ ಏನೋ ಒಂದು ಹೋಗುವ ಲಕ್ಷಣವಿತ್ತು!

ಭಾನುವಾರ ಬೆಳಗ್ಗೆ ಬಾನು ಪಾತ್ರೆ ತೊಳೆದ ನೀರಿನ ಬಣ್ಣಕ್ಕಿತ್ತು. ಮನೆಯಾಚೆ ದ್ರಾಕ್ಷಿ ಚಪ್ಪರಗಳು ಎಲೆ ಕಳಚಿ ಒಣ ನರಗಳಂತೆ ನಿಂತಿದ್ದವು. ಬೆಟ್ಟದಿಂದಿಳಿದ ಗಾಳಿ ಕಿಟಕಿಯ ಸಂದಿಯಲ್ಲಿ ಸೀಟಿ ಹೊಡೆಯುತ್ತಿತ್ತು. ಮಿತ್ಸುಯೊ ಪಕ್ಕದ ಕೋಣೆಯಲ್ಲಿ, ಅಡಿಯಲ್ಲಿ ಹೀಟರಿರುವ ಗಿಡ್ಡ ಮೇಜಿನ ರಜಾಯಿಯೊಳಗೆ ಕಾಲು ತೂರಿಸಿ ಹೆಣಿಗೆ ಹಿಡಿದು ಕೂತಳು. ನಡುವೆ ಸರಿಸುವ ಬಾಗಿಲು, ಮುಚ್ಚಿದ್ದು. ಯೊಶಿಹಾರು ಮಹಾಶಯರು ಹೆಂಡತಿಯ ಏಪ್ರನ್ ಕಟ್ಟಿಕೊಂಡು ರಣರಂಗಕ್ಕಿಳಿದರು.

ಅಮ್ಮ ಹೋತೊ ಮಾಡುತ್ತಿದ್ದಳು, ಆಮೇಲೆ ಹೆಂಡತಿ ಮಾಡಿದಳು. ಇವರು ಇಷ್ಟು ವರ್ಷ ನೋಡಿದ್ದು ಬಟ್ಟಲನ್ನು ಮಾತ್ರ. ಆದರೇನಂತೆ, ಹಿಂದಿನ ದಿನವಷ್ಟೇ ಟೀವಿ ಹಾಕಿದಾಗ, ತಲೆಗೆ ಬಟ್ಟೆ ಕಟ್ಟಿದ ಒಬ್ಬ ಘನ ಗಾತ್ರದ ಬಾಣಸಿಗ ಹಿಟ್ಟಿಗೆ ಹಿಡಿ ಉಪ್ಪು ಸುರಿದು, ಕಲಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಾಲಲ್ಲಿ ತುಳಿಯುತ್ತಿದ್ದ. ಅದೇ ಸಾಕು! ಯೊಶಿಹಾರು ಹಿಟ್ಟಿನ ಚೀಲ ಪೂರ್ತಿ ಬೋಗುಣಿಗೆ ಬೋರಲು ಹಾಕಿದರು. ಹಿಡಿ ಉಪ್ಪು ಹಾಕಿದರು. ಬಾಣಸಿಗನ ಹಿಡಿ ತಮ್ಮದಕ್ಕಿಂತ ದೊಡ್ಡದೆಂದು ನೆನಪಾಗಿ ಇನ್ನೊಂದು ಹಿಡಿಯೂ ಹಾಕಿದರು. ಕಲಸಿದರೆ ಅದು ಹಿಟ್ಟೋ ಚಪ್ಪಡಿ ಕಲ್ಲೋ! ಚೀಲಕ್ಕೆ ತುಂಬಿ ನೆಲಕ್ಕಿಟ್ಟು ಹತ್ತಿ ನಿಂತರು.

ದಡ್, ದಡ್, ದಡ್.

"ಏನ್ರೀ ಅದು ಶಬ್ದ?" ಬಾಗಿಲಾಚೆಯಿಂದ ಮಿತ್ಸುಯೊ ಕೇಳಿದಳು.

"ಏನಿಲ್ಲ! ಎಲ್ಲಾ ಚೆನ್ನಾಗಿ ನಡೀತಿದೆ!"

"ಏನು ನಡೀತಿದೆ?"

"ನಾನೇ ನಡೀತಿದೀನಿ! ಹಿಟ್ಟಿನ ಮೇಲೆ!"

ಬಾಗಿಲಾಚೆ ಹೆಣಿಗೆ ಕಡ್ಡಿಗಳ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ಅಷ್ಟರಲ್ಲಿ ಚೀಲ ಒಡೆಯಿತು. ಮಹಾಶಯರ ಬಲಗಾಲು ಹಿಟ್ಟಿನೊಳಗೆ ಕಣಕಾಲಿನ ತನಕ ಹೂತುಹೋಯಿತು. ಕಾಲು ಎಳೆದರೆ ಬಂತು, ಕಾಲುಚೀಲ ಬರಲಿಲ್ಲ. ಅದನ್ನು ಎರಡೂ ಕೈಯಲ್ಲಿ ಕಿತ್ತು, ಅದಕ್ಕೆ ತಾಗಿದ ಹಿಟ್ಟನ್ನು ಚಾಕುವಿನಲ್ಲಿ ಸವರಿ ತೆಗೆದು ಎಸೆದರು. ಉಳಿದದ್ದನ್ನು ಲಟ್ಟಿಸಿ ಕೊಯ್ದಾಗ ಬಂದದ್ದು ನೂಡಲ್ಸ್ ಅಲ್ಲ, ಸೊಂಟದ ಬೆಲ್ಟು. ಬಕ್ಕಲ್ ಒಂದು ಹಾಕಿದ್ದರೆ ಅಂಗಡಿಯಲ್ಲಿಡಬಹುದಿತ್ತು!

ಮುಂದಿನ ಶತ್ರು ಕುಂಬಳಕಾಯಿ. ಹಸಿರು ಸಿಪ್ಪೆ, ಮರದ ಕೊರಡಿನಂಥ ಮೈ. ಚಾಕು ಅರ್ಧ ಇಳಿದು ಸಿಕ್ಕಿಹಾಕಿಕೊಂಡಿತು. ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಚಾಕುವಿನ ಹಿಡಿ ಹಿಡಿದು ಕಾಯಿಸಮೇತ ಎತ್ತಿ ಕುಟ್ಟಿದರೆ ಕಪಾಟಿನ ಮೇಲಿದ್ದ ತಟ್ಟೆಗಳು ನಡುಗಿದವು. ಕೊನೆಗೆ ಹಿತ್ತಲಿಗೆ ಒಯ್ದು ಕಲ್ಲಿನ ಮೆಟ್ಟಿಲ ಮೇಲೆ ಅಪ್ಪಳಿಸಿದರು. ಚಾಕು ಕಳಚಿತು. ಕುಂಬಳಕಾಯಿ ಒಡೆಯದೆ ಉರುಳಿತು. ಗೇಟು ದಾಟಿತು. ಇಳಿಜಾರಿನ ಓಣಿ ಹಿಡಿದು ಗುಡುಗುಡು ಓಡಿತು. ಏಪ್ರನ್ ಹಾರಿಸುತ್ತಾ, ಒಂದೇ ಕಾಲುಚೀಲದಲ್ಲಿ, ಮಹಾಶಯರು ಹಿಂದೆ ಓಡಿದರು.

ಓಣಿಯ ಕೊನೆಯಲ್ಲಿ ಪಕ್ಕದ ಮನೆಯ ಅಮೆಮಿಯಾ ಅಜ್ಜಿ ಪೊರಕೆ ಅಡ್ಡ ಹಿಡಿದು ಕಾಯಿಯನ್ನು ತಡೆದು ನಿಂತಿದ್ದಳು.

"ನಕಾಗೊಮಿ ಅವರೇ, ನಿಮ್ಮ ಕುಂಬಳಕಾಯಿ ಮನೆ ಬಿಟ್ಟು ಹೊರಟಿತ್ತು ನೋಡಿ," ಅಂದಳು ಅಜ್ಜಿ. ಆಮೇಲೆ ಏನೋ ನೆನಪಾದವಳಂತೆ ತುಟಿ ಕಚ್ಚಿ, ಕಾಯಿಯನ್ನು ಅವರ ಕೈಗಿಟ್ಟು, ಅನಗತ್ಯವಾಗಿ ಬಹಳ ಬಗ್ಗಿ ನಮಸ್ಕರಿಸಿ ಒಳಗೆ ಹೋದಳು.

ಯೊಶಿಹಾರು ಬಿರುಕು ಬಿಟ್ಟ ಕಾಯಿಯನ್ನು ಎದೆಗವಚಿಕೊಂಡು ಏರು ಹತ್ತಿದರು. ಬಿಟ್ಟುಹೋಗಲು ಈ ಮನೆಯಲ್ಲಿ ಅಂಥದ್ದೇನಿದೆ ಅಂತ ಅವರಿಗೇ ಒಮ್ಮೆ ಅನ್ನಿಸಿತು. ಹೊರಗಿಂದ ನೋಡಿದರೆ ಮನೆ ಎಂದಿನಂತೇ ಇತ್ತು. ಕಿಟಕಿಯಲ್ಲಿ ಮಿತ್ಸುಯೊಳ ತಲೆ ಬಗ್ಗಿತ್ತು. ವಸಂತದ ನಂತರ ಆ ಕಿಟಕಿಯಲ್ಲಿ ಪರದೆ ಮಾತ್ರ ಇರುತ್ತೆ ಅನ್ನುವುದು ಅವರಿಗೆ ಆಗ ಮೊದಲ ಬಾರಿ ನಿಜವಾಗಿ ಹೊಳೆಯಿತು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತೆ, ಅದಕ್ಕೇನೂ ಮಾಡೋಕಾಗಲ್ಲ.

ಒಲೆಯ ಮೇಲೆ ಒಣಮೀನಿನ ಸಾರು ಕುದಿಯುತ್ತಿತ್ತು. ಕೆಸುವಿನ ಗೆಡ್ಡೆ, ಕ್ಯಾರೆಟ್, ಅಣಬೆ, ಕುಂಬಳಕಾಯಿಯ ಅಡ್ಡಾದಿಡ್ಡಿ ಹೋಳು, ಎಲ್ಲ ಬಿದ್ದವು. ಹೋತೊದ ನೂಡಲ್ಸನ್ನು ಬೇರೆ ನೀರಲ್ಲಿ ಬೇಯಿಸಿ ಬಸಿಯುವುದಿಲ್ಲ, ಹಸಿಯಾಗಿಯೇ ಸಾರಿಗೆ ಬಿಡುತ್ತಾರೆ ಅನ್ನುವುದೊಂದು ಮಹಾಶಯರಿಗೆ ಗೊತ್ತಿತ್ತು. ಬೆಲ್ಟುಗಳನ್ನು ಬಿಟ್ಟರು. ಹುದುಗಿಸಿದ ಸೋಯಾ ಮುದ್ದೆ ಮಿಸೊ ಕದಡಿದರು. ರುಚಿ ನೋಡಿದರು.

ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು.

ಉಪ್ಪು! ಕಿವಿಯ ತನಕ ಉಪ್ಪು! ನೀರು ಹಾಕಿದರು. ಇನ್ನೂ ಉಪ್ಪು. ಮತ್ತೆ ನೀರು ಹಾಕಿದರು. ಪಾತ್ರೆ ತುಂಬಿತು, ಅರ್ಧ ಇನ್ನೊಂದಕ್ಕೆ ಸುರಿದರು. ಹಾಕಿದ ನೀರನ್ನೆಲ್ಲ ನೂಡಲ್ಸು ಕುಡಿದು ಊದಿಕೊಂಡಿತು. ಮೂರನೇ ಪಾತ್ರೆ ಬಂತು, ಆಮೇಲೆ ಅನ್ನದ ಕುಕ್ಕರಿನ ಒಳಪಾತ್ರೆ, ಆಮೇಲೆ ಚಹಾ ಕೆಟಲ್ಲು! ಉಪ್ಪಿಗೆ ಎದುರಾಳಿ ಸಕ್ಕರೆ ಅಂತ ಯಾರೋ ಹೇಳಿದ ನೆನಪಾಗಿ ಸಕ್ಕರೆ ಸುರಿದರು. ಈಗ ಸಾರು ಉಪ್ಪೂ ಆಯಿತು, ಸಿಹಿಯೂ ಆಯಿತು. ದೊಡ್ಡ ಪಾತ್ರೆ ಉಕ್ಕಿ ಹರಿದು ಒಲೆ ತಾನೇ ಆರಿತು. ತಳ ಹತ್ತಿದ ವಾಸನೆ ಬಾಗಿಲ ಸಂದಿಯಲ್ಲಿ ನುಸುಳಿ ಪಕ್ಕದ ಕೋಣೆಗೆ ಹೋಯಿತು.

"ರೀ..."

"ಬರಬೇಡ!"

"ಬರ್ತಿಲ್ಲ. ಕಿಟಕಿ ತೆಗೀರಿ ಅಂತ ಹೇಳೋಣ ಅಂತ."

ಕಿಟಕಿ ತೆರೆದು, ಸುತ್ತಲಿನ ಪಾತ್ರೆಗಳ ಸೈನ್ಯದ ನಡುವೆ ಯೊಶಿಹಾರು ಸೌಟು ಹಿಡಿದು ನಿಂತರು. ಆಗ, ಒಂದೇ ಒಂದು ಗಳಿಗೆ, ಮನಸ್ಸು ಪಿಸುಗುಟ್ಟಿತು: ಕೆಟ್ಟರೆ ಕೆಡಲಿ. ಇದನ್ನು ತಿಂದಮೇಲೆ ಯಾವ ಹೆಂಡತಿ ತಾನೇ ಗಂಡನನ್ನು ಬಿಟ್ಟು ಹೋಗುತ್ತಾಳೆ? ತಕ್ಷಣ ತಮಗೇ ನಾಚಿಕೆಯಾಗಿ ಇನ್ನೊಂದು ಸೌಟು ನೀರು ಹಾಕಿದರು.

ಮಗಳ ಸಂಸಾರ ಬಂತು. ಚಿಸಾತೊ ಬಾಗಿಲಲ್ಲೇ ಮೂಗರಳಿಸಿ ಅಮ್ಮನ ಮುಖ ನೋಡಿದಳು. ಅಮ್ಮ ಹೆಣಿಗೆ ನೋಡಿದಳು. ಅಳಿಯ ಶೋಗೊ ಸಂಕೋಚದ ಮನುಷ್ಯ, ತೋರಿಸಿದ ಜಾಗದಲ್ಲಿ ಕೂತ. ಇನ್ನೂ ಶಾಲೆಗೆ ಹೋಗದ ಮೊಮ್ಮಗಳು ಇರೊಹಾ, ತಾತನ ಒಂಟಿ ಕಾಲುಚೀಲ ನೋಡಿ ಖುಷಿಪಟ್ಟಳು. ಮಹಾಶಯರು ಐದು ಬಟ್ಟಲು ತುಂಬಿ ತಂದಿಟ್ಟರು. ಎಲ್ಲರೂ ಕೈ ಜೋಡಿಸಿ, ತಲೆ ಬಗ್ಗಿಸಿ, ಊಟ ಶುರು ಮಾಡಿದರು.

ಊಟದ ಕಡ್ಡಿಗಳು ಮೊದಲ ತುತ್ತಿಗೇ ನಿಂತವು.

"ತಾತಾ," ಅಂತ ಇರೊಹಾ ಕೇಳಿದಳು, "ಇದಕ್ಕೆ ಸಮುದ್ರ ಹಾಕಿದೀರಾ?"

"ಇರೊಹಾ!" ಚಿಸಾತೊ ಗದರಿದಳು.

"ಪರವಾಗಿಲ್ಲ ಮಾವ, ತುಂಬಾ... ನೆನಪಲ್ಲಿ ಉಳಿಯೋ ಥರ ಇದೆ," ಅಂದ ಶೋಗೊ. ಅವನ ಹಣೆಯಲ್ಲಿ ಬೆವರಿತ್ತು. ಪಾಪದವನು ಇನ್ನೂ ಒಂದು ಒಳ್ಳೆಯ ಮಾತು ಸೇರಿಸಲು ಹೋಗಿ ಜಾರಿಬಿದ್ದ. "ನೂಡಲ್ಸ್ ಎಷ್ಟು ಗಟ್ಟಿಯಾಗಿದೆ! ನಮ್ಮೂರ ಉಡೋನ್ ಥರಾನೇ!"

ಶೋಗೊ ಉಡೋನ್ ಅನ್ನುವ ದಪ್ಪ ನೂಡಲ್ಸ್‌ಗೆ ಹೆಸರಾದ ಕಾಗಾವಾ ಕಡೆಯವನು. ಯಾಮಾನಾಶಿಯ ಮನೆಯೊಳಗೆ ಕೂತು ಹೋತೊವನ್ನು ಉಡೋನ್ ಅನ್ನುವುದು, ಮದುವೆಮನೆಯಲ್ಲಿ ಹೆಣ್ಣಿನ ಹೆಸರು ತಪ್ಪಿ ಕರೆದ ಹಾಗೆ. ಬೇರೆ ದಿನವಾಗಿದ್ದರೆ ಯೊಶಿಹಾರು ಹಾರಿ ಬೀಳುತ್ತಿದ್ದರು. ಆದರೆ ಆ ಮಾತಿಗೆ ಅವರ ತಲೆಯಲ್ಲಿ ದೀಪ ಹೊತ್ತಿತು. ಟೀವಿಯ ಬಾಣಸಿಗ! ತಾವು ಕಾರ್ಯಕ್ರಮ ನೋಡಿದ್ದು ನಡುವಿನಿಂದ! ಅವನು ಮಾಡುತ್ತಿದ್ದದ್ದು ಹೋತೊ ಅಲ್ಲವೇ ಅಲ್ಲ!

"ಹೋತೊ ಹಿಟ್ಟಿಗೆ ಉಪ್ಪು ಹಾಕಲ್ಲ ರೀ," ಅಂದಳು ಮಿತ್ಸುಯೊ ಮೆಲ್ಲಗೆ. "ಉಡೋನ್ ಆದ್ರೆ ಬೇಯಿಸಿದ ನೀರನ್ನ ಚೆಲ್ತಾರೆ, ಉಪ್ಪು ಅದರ ಜೊತೆ ಹೋಗುತ್ತೆ. ಇಲ್ಲಿ ಬೇಯಿಸಿದ್ದನ್ನೇ ಕುಡೀತೀವಲ್ಲ."

"ಮೊದಲೇ ಹೇಳಬಾರದಿತ್ತಾ?"

"ಹೊಸ್ತಿಲು ದಾಟಬೇಡ ಅಂದಿದ್ರಿ."

ಯೊಶಿಹಾರು ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. ಮಾನ ಹೇಗೂ ಹೋಗಿದೆ, ಉಳಿದ ಕೆಲಸವನ್ನೂ ಮುಗಿಸಿಬಿಡೋಣ ಅನ್ನಿಸಿತು. "ಚಿಸಾತೊ, ಶೋಗೊ. ನಿಮಗೆ ಒಂದು ವಿಷಯ ಹೇಳಬೇಕು. ಗಟ್ಟಿ ಮನಸ್ಸು ಮಾಡ್ಕೊಳ್ಳಿ. ನಿಮ್ಮಮ್ಮ ವಸಂತಕ್ಕೆ..."

"ಮಾತ್ಸುಮೊತೊ ವಿಷಯ ತಾನೆ?" ಅಂದಳು ಚಿಸಾತೊ. "ಗೊತ್ತಪ್ಪ."

"ಗೊತ್ತಾ?"

"ದ್ರಾಕ್ಷಿ ಕೊಯ್ಲಿನ ಹೊತ್ತಿಗೇ ಅಮ್ಮ ಹೇಳಿದ್ಲು. ದೊಡ್ಡಮ್ಮನ ಮನೆಗೆ ಹೋಗಿ ಕೋಣೆಯನ್ನೂ ನೋಡ್ಕೊಂಡು ಬಂದೆ. ಕಿಟಕಿಯಿಂದ ಹಿಮದ ಬೆಟ್ಟ ಕಾಣುತ್ತೆ."

ಯೊಶಿಹಾರು ಅಳಿಯನ ಕಡೆ ತಿರುಗಿದರು. ಶೋಗೊ ತಲೆತಗ್ಗಿಸಿ, "ಪರದೆ ಅಳತೆ ನಾನೇ ತಗೊಂಡೆ ಮಾವ," ಅಂದ.

"ಅಂದ್ರೆ... ಪಕ್ಕದ ಮನೆ ಅಜ್ಜಿಗೂ?"

"ಅಮೆಮಿಯಾ ಅಜ್ಜಿಗೆ ನಮಗಿಂತ ಮುಂಚೆ ಗೊತ್ತು," ಅಂದಳು ಚಿಸಾತೊ.

ಊರಿಗೆಲ್ಲ ಹಳೆಯದಾಗಿದ್ದ ಸುದ್ದಿ ಮನೆಯ ಯಜಮಾನರಿಗೆ ಮಾತ್ರ ಈ ವಾರ ತಲುಪಿತ್ತು! ಯೊಶಿಹಾರು ಮೇಜಿನ ಅಂಚು ಹಿಡಿದು ಕೂತರು. ರಜಾಯಿಯ ಕೆಳಗೆ ಕಾಲಿಗೆ ಬೆಚ್ಚಗಿತ್ತು. ಮಿಕ್ಕ ಮೈಯೆಲ್ಲ ತಣ್ಣಗಿತ್ತು.

"ನಿನಗೆ ನನ್ನ ಹತ್ತಿರ ಹೇಳೋಕೇ ಭಯವಾಗಿತ್ತಾ?" ಅಂತ ಹೆಂಡತಿಯನ್ನು ಕೇಳಿದರು.

"ಭಯ ಅಲ್ಲ," ಅಂದಳು ಮಿತ್ಸುಯೊ. "ಹೇಳಿದ್ರೆ ಹೇಗೆ ಹೋಗಬೇಕು ಅಂತ ನೀವೇ ಕಲಿಸೋಕೆ ಶುರು ಮಾಡ್ತೀರಿ ಅಂತ."

ಶೋಗೊಗೆ ನಗು ಬಂದು ಕೆಮ್ಮಿದ. ಚಿಸಾತೊ ನಗಲಿಲ್ಲ. ಬಟ್ಟಲನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅವಳ ಕಣ್ಣು ಸಣ್ಣದಾಯಿತು.

"ಅಪ್ಪ, ನಿಜ ಹೇಳು. ಬೇಕಂತಲೇ ಕೆಡಿಸಿದ್ಯಾ? ಅಮ್ಮ ಕನಿಕರಪಟ್ಟು ಉಳ್ಕೊಳ್ಳಲಿ ಅಂತ?"

ಯೊಶಿಹಾರು ಬಾಯಿ ತೆರೆದರು. ಆ ಒಂದು ಗಳಿಗೆಯ ಪಿಸುಮಾತು ನೆನಪಾಗಿ ಬಾಯಿ ಮುಚ್ಚಿದರು. ಮುಖ ಕೆಂಪಾಯಿತು. ಅವರ ಪರವಾಗಿ ವಾದಿಸಿದ್ದು ಮಿತ್ಸುಯೊ.

"ಹಾಗೆಲ್ಲ ಅನ್ನಬೇಡ ಚಿಸಾತೊ. ನಿಮ್ಮಪ್ಪ ಮೋಸ ಮಾಡೋ ಮನುಷ್ಯ ಅಲ್ಲ. ಅವರಿಗೆ ನಿಜವಾಗ್ಲೂ ಬರಲ್ಲ."

ಇಷ್ಟು ಹೇಳಿ ಅವಳು ಹೆಣಿಗೆ ಮಡಿಸಿಟ್ಟು, ಎದ್ದು ಹೊಸ್ತಿಲು ದಾಟಿದಳು. ಹಿಟ್ಟು ಮೆತ್ತಿದ ನೆಲ, ಪಾತ್ರೆಗಳ ಸಾಲು, ನೂಡಲ್ಸ್ ತುಂಬಿದ ಚಹಾ ಕೆಟಲ್ಲು, ಮೂಲೆಯಲ್ಲಿ ಕಾಲುಚೀಲ. ಪಾತ್ರೆಗಳಲ್ಲಿದ್ದದ್ದನ್ನೆಲ್ಲ ಜರಡಿಗೆ ಬಸಿದು, ನೂಡಲ್ಸನ್ನು ತಣ್ಣೀರಲ್ಲಿ ತೊಳೆದು, ಹೊಸ ಸಾರಿಟ್ಟಳು. ಯೊಶಿಹಾರು ಬಾಗಿಲಲ್ಲಿ ನಿಂತು ನೋಡಿದರು. ಮೊಣಕೈ ಹೇಗಿಟ್ಟುಕೊಂಡಿದ್ದಾಳೆ ಅಂತ ನೋಡಲಿಲ್ಲ. ಇವಳು ಇಷ್ಟು ಗಿಡ್ಡ ಯಾವಾಗ ಆದಳು ಅಂತ ನೋಡಿದರು.

ಮಧ್ಯಾಹ್ನ ದಾಟಿ ಎಲ್ಲರೂ ಮತ್ತೆ ಉಂಡರು. ಈ ಸಲ ಇರೊಹಾ ಎರಡು ಬಟ್ಟಲು ಮುಗಿಸಿದಳು. ಹೊತ್ತು ಬೇಗ ಕಂತಿತು. ಹೊರಡುವಾಗ ಚಿಸಾತೊ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ, ಅಪ್ಪನಿಗೆ ಕೇಳದ ಹಾಗೆ, ಆದರೆ ಚೆನ್ನಾಗಿ ಕೇಳುವ ಹಾಗೆ, ಗಂಡನಿಗೆ "ಅಯ್ಯೋ ಅಪ್ಪ" ಅಂದಳು.

ಆ ಚಳಿಗಾಲ ಭಾನುವಾರ ಭಾನುವಾರ ಪಾಠ ನಡೆಯಿತು. ಯೊಶಿಹಾರು ಕಲಸಿದರು, ಮಿತ್ಸುಯೊ ಸ್ಟೂಲಿನ ಮೇಲೆ ಕೈಕಟ್ಟಿ ಕೂತಳು. ತಪ್ಪಿದಾಗ ಬೈಯಲಿಲ್ಲ, ತಿದ್ದಲಿಲ್ಲ. ತಪ್ಪು ಪೂರ್ತಿಯಾಗಲಿ ಅಂತ ಬಿಟ್ಟು, ಬಟ್ಟಲಿಗೆ ಬಂದಮೇಲೆ ಇಬ್ಬರೂ ತಿಂದು ಅನುಭವಿಸುತ್ತಿದ್ದರು. ಒಂದು ಭಾನುವಾರ ಹೋತೊ ಗೋಡೆಗೆ ಪೋಸ್ಟರ್ ಅಂಟಿಸುವಷ್ಟು ಅಂಟಾಯಿತು. ಇನ್ನೊಂದು ಭಾನುವಾರ ಕೆಸುವಿನ ಗೆಡ್ಡೆಗೆ ಕೈ ತುರಿಸಿ ಮಹಾಶಯರು ಮನೆಯಿಡೀ ಕುಣಿದರು. ನಡುವೆ ಮನೆ ಸದ್ದಿಲ್ಲದೆ ಖಾಲಿಯಾಗುತ್ತಿತ್ತು. ಬೀರುವಿನ ಎಡಭಾಗ ಹೋಯಿತು. ಶೂ ಗೂಡಿನ ಕೆಳಸಾಲು ಹೋಯಿತು. ಅವಳ ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಪ್ರಯಾಣಕ್ಕೆ ಅಂತ ಹೊಸದೊಂದು ಬಂದು ನಿಂತಿತು. ಅದನ್ನು ನೋಡಿದ ದಿನ ಯೊಶಿಹಾರು ಮುಖ ತೊಳೆಯುವುದನ್ನೇ ಮರೆತರು.

ಏಪ್ರಿಲ್‌ನಲ್ಲಿ ಅವಳು ಹೊರಡುವ ಬೆಳಗ್ಗೆ ಯೊಶಿಹಾರು ಬೇಗ ಎದ್ದು ಹೋತೊ ಮಾಡಿದರು. ಉಪ್ಪಿಲ್ಲದ ಹಿಟ್ಟು, ತೆಳುವಾಗಿ ಲಟ್ಟಿಸಿದ್ದು. ಕುಂಬಳಕಾಯಿ ಸಾರಿನಲ್ಲಿ ಅರ್ಧ ಕರಗಿ ಬಣ್ಣ ಬಿಟ್ಟಿತ್ತು. ಮಿತ್ಸುಯೊ ಬಟ್ಟಲು ಖಾಲಿ ಮಾಡಿ ಊಟದ ಕಡ್ಡಿಗಳನ್ನು ಒಟ್ಟಿಗಿಟ್ಟಳು.

"ಚೆನ್ನಾಗಿದೆ. ನಿಮ್ಮ ಅಮ್ಮನ ಕೈರುಚಿಯೇ ಬಂದಿದೆ."

ಮಹಾಶಯರು ಒಂದು ಗೇಣು ಬೆಳೆದರು! ಕೋಫು ನಿಲ್ದಾಣದ ತನಕ ಅವಳ ಪೆಟ್ಟಿಗೆ ಹೊತ್ತದ್ದು ಭಾರವೇ ಅನ್ನಿಸಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಅನ್ನಿಸಿತು. ಮೋಡ ಕವಿದಿತ್ತು, ಬೆಟ್ಟಗಳು ಕಾಣಲಿಲ್ಲ. ಇಬ್ಬರೂ ಹಳಿಗಳನ್ನು ನೋಡುತ್ತಾ ನಿಂತರು. ರೈಲು ಬರುತ್ತಿದೆ ಅಂತ ಧ್ವನಿವರ್ಧಕ ಕೂಗಿತು.

"ಚಳಿಗಾಲಕ್ಕೆ ಬಂದು ಹೋಗು," ಅಂದರು ಯೊಶಿಹಾರು. "ದೊಡ್ಡ ಪಾತ್ರೆ ತುಂಬಾ ಹೋತೊ ಮಾಡಿಡ್ತೀನಿ."

"ಬರ್ತೀನಿ. ಆದ್ರೆ ರೀ, ಹೋತೊ ಬೇಡ. ಬೇರೆ ಏನಾದ್ರೂ ಮಾಡಿ."

"ಯಾಕೆ? ಬೆಳಗ್ಗೆ ಚೆನ್ನಾಗಿದೆ ಅಂದೆಯಲ್ಲ!"

"ಚೆನ್ನಾಗೇ ಇತ್ತು. ನನಗೆ ಸೇರಲ್ಲ, ಅಷ್ಟೇ. ಸಾರಲ್ಲಿ ಕರಗಿದ ಕುಂಬಳಕಾಯಿ ನನಗೆ ಮೊದಲಿಂದಲೂ ಗಂಟಲಲ್ಲಿ ಇಳಿಯಲ್ಲ."

ಯೊಶಿಹಾರು ಮಿಕಮಿಕ ನೋಡಿದರು. ಚಳಿಗಾಲಗಳು ಒಂದರ ಹಿಂದೊಂದು ಕಣ್ಣಮುಂದೆ ಬಂದವು. ಎಲ್ಲದರಲ್ಲೂ ಅವಳು ತನ್ನ ಬಟ್ಟಲಿನ ಕುಂಬಳಕಾಯಿ ಹೋಳುಗಳನ್ನು ಆರಿಸಿ ಆರಿಸಿ ಇವರ ಬಟ್ಟಲಿಗೆ ದಾಟಿಸುತ್ತಿದ್ದಳು. ಅದು ಪ್ರೀತಿ ಅಂತ ಇವರು ಚಪ್ಪರಿಸಿ ತಿಂದಿದ್ದರು!

"ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ," ಅಂದಳು ಮಿತ್ಸುಯೊ. "ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲೇ ಹೇಳಿದ್ದೆ. ನೀವು ಬಟ್ಟಲಿಂದ ತಲೆ ಎತ್ತದೆ, 'ಅಭ್ಯಾಸ ಆಗುತ್ತೆ ಬಿಡು' ಅಂದ್ರಿ."

ರೈಲು ಬಂದು ನಿಂತಿತು. ಅವಳು ಪೆಟ್ಟಿಗೆ ತೆಗೆದುಕೊಂಡು ಹತ್ತಿದಳು. ಯೊಶಿಹಾರು ಬಾಗಿಲ ಬಳಿಗೆ ಓಡಿದರು.

"ಮಿತ್ಸುಯೊ! ಆಯ್ತಾ ಮತ್ತೆ? ಅಭ್ಯಾಸ ಆಯ್ತಾ?"

ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಮಿತ್ಸುಯೊ ಗಂಡನಿಗೆ ಸೊಂಟ ಬಗ್ಗಿಸಿ ಕ್ರಮವಾಗಿ ನಮಸ್ಕರಿಸಿದಳು. ಆಮೇಲೆ ನೆಟ್ಟಗೆ ನಿಂತು, ಅವರಿಗೆ ಸ್ಪಷ್ಟವಾಗಿ ಕಾಣಲಿ ಅಂತ ನಿಧಾನವಾಗಿ, ಇಲ್ಲ ಅಂತ ತಲೆಯಾಡಿಸಿದಳು.